ನ್ಯೂ ಆರ್ಲಿಯನ್ಸ್‌ಗೆ ಮೂರು ದಿನ ಹೊರಟವರಿಗೆ

ಲಾಂಗ್ ವೀಕೆಂಡ್ ಹತ್ತಿರ ಬಂತು ಅಂದರೆ ಹೂಸ್ಟನ್, ಡಾಲಸ್, ಅಟ್ಲಾಂಟಾ ಕಡೆಯ ಕನ್ನಡದವರಿಂದ ನನಗೆ ಅದೇ ಪ್ರಶ್ನೆಗಳು ಬರುತ್ತವೆ. "ನ್ಯೂ ಆರ್ಲಿಯನ್ಸ್‌ಗೆ ಅಪ್ಪ ಅಮ್ಮನನ್ನ ಕರ್ಕೊಂಡು ಹೋಗಬಹುದಾ? ಅಲ್ಲಿ ಬರೀ ಕುಡಿತ ಅಂತಾರಲ್ಲ?" "ವೆಜ್ ಸಿಗುತ್ತಾ?" "ಎಷ್ಟು ದಿನ ಬೇಕು?" ಎಲ್ಲರಿಗೂ ಬೇರೆ ಬೇರೆ ಮೆಸೇಜ್ ಮಾಡುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಚುಟುಕು ಉತ್ತರ. ಕರ್ಕೊಂಡು ಹೋಗಬಹುದು. ವೆಜ್ ಸಿಗುತ್ತದೆ, ಆದರೆ ಪ್ರತಿ ತಟ್ಟೆಗೂ ಕೇಳಿ ಕೇಳಿ ತಿನ್ನಬೇಕು. ಮೂರು ದಿನ ಸಾಕು. ಕುಡಿತದ ಗಲಾಟೆ ಜಾಸ್ತಿ ಇರುವುದು ಬರ್ಬನ್ ಸ್ಟ್ರೀಟ್ ಅನ್ನುವ ಬೀದಿಯ ಕೆಲವು ಬ್ಲಾಕ್‌ಗಳಲ್ಲಿ, ಅದೂ ಕತ್ತಲಾದ ಮೇಲೆ. ಎಷ್ಟೋ ಜನ ಆ ಬೀದಿಯನ್ನೇ ಊರು ಅಂದುಕೊಂಡು ವಾಪಸ್ ಬರುತ್ತಾರೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ನೋಡಿ ಬೆಂಗಳೂರು ನೋಡಿದೆ ಅಂದ ಹಾಗೆ.

1. ತಿಂಗಳು ನೋಡಿ ಹೊರಡಿ

ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅದೇ ಕಥೆ. ಹತ್ತು ಗಂಟೆಗೆ ಅಂಗಿ ಮೈಗೆ ಅಂಟಿರುತ್ತದೆ. ಜೊತೆಗೆ ಚಂಡಮಾರುತದ ಕಾಲ. ಅಧಿಕೃತವಾಗಿ ಅದು ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಪಾಯ ಹೆಚ್ಚು. ಊರಿನ ಅರ್ಧದಷ್ಟು ಜಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದಾಗ ನೀರು ತಡೆಯುವ ಗೋಡೆಗಳು ಒಡೆದು ಊರಿನ ಸುಮಾರು ಶೇಕಡಾ 80 ಭಾಗ ಮುಳುಗಿತ್ತು. ಈ ತಿಂಗಳುಗಳಲ್ಲೇ ಹೋಗಬೇಕಾದರೆ ದುಡ್ಡು ವಾಪಸ್ ಬರುವಂಥ ಬುಕಿಂಗನ್ನೇ ಮಾಡಿ.

ನನ್ನ ಮತ ಮಾರ್ಚ್, ಏಪ್ರಿಲ್ ಇಲ್ಲವೇ ನವೆಂಬರ್‌ಗೆ.

ಮಾರ್ಡಿ ಗ್ರಾಗೆ ಹೋಗಬೇಕಾ ಅಂತ ಕೇಳುವವರಿಗೆ: ಅದು ಕ್ರೈಸ್ತರ ನಲವತ್ತು ದಿನದ ಉಪವಾಸ ಶುರುವಾಗುವ ಹಿಂದಿನ ದಿನದ ಹಬ್ಬ. ಈಸ್ಟರ್‌ಗೆ 47 ದಿನ ಮುಂಚೆ ಬರುವ ಮಂಗಳವಾರ. ಹಾಗಾಗಿ ತಾರೀಕು ಪ್ರತಿ ವರ್ಷ ಬದಲು. 2027ರಲ್ಲಿ ಫೆಬ್ರವರಿ 9. ಹಬ್ಬದ ಕಾಲ ಮಾತ್ರ ಜನವರಿ 6ಕ್ಕೇ ಶುರು. 'ಕ್ರೂ' ಅನ್ನುವ ತಂಡಗಳು ರಥದಂಥ ವಾಹನ ಕಟ್ಟಿ ಮೆರವಣಿಗೆ ತೆಗೆದು ಜನರ ಕಡೆ ಮಣಿಸರ ಎಸೆಯುತ್ತವೆ. ಮಕ್ಕಳಿದ್ದರೆ ಸೇಂಟ್ ಚಾರ್ಲ್ಸ್ ಅವೆನ್ಯೂದ ಮೇಲಿನ ಭಾಗದಲ್ಲಿ ನಿಲ್ಲಿ. ಅಲ್ಲಿ ಸ್ಥಳೀಯರು ಏಣಿಯ ತುದಿಗೆ ಕುರ್ಚಿ ಬಡಿದು ಮಕ್ಕಳನ್ನು ಕೂರಿಸಿರುತ್ತಾರೆ. ನಮ್ಮ ತೇರಿನಲ್ಲಿ ಅಪ್ಪನ ಹೆಗಲೇರಿದ ಮಗುವಿನ ಹಾಗೆಯೇ. ಆದರೆ ಮೊದಲ ಸಲ ಹೋಗುವವರಿಗೆ ಹಬ್ಬದ ಕೊನೆಯ ವಾರ ಬೇಡ ಅಂತಲೇ ಹೇಳುತ್ತೇನೆ. ಹೋಟೆಲ್ ದರ ಆಕಾಶಕ್ಕೆ ಏರುತ್ತದೆ, ಮೆರವಣಿಗೆಯ ಹೊತ್ತಿನಲ್ಲಿ ಟ್ರಾಮ್ ನಿಲ್ಲುತ್ತದೆ, ಊರು ನೋಡಲು ಆಗುವುದಿಲ್ಲ.

2. ಕಾರನ್ನು ಹೋಟೆಲ್‌ನಲ್ಲಿ ಬಿಟ್ಟುಬಿಡಿ

ಹೂಸ್ಟನ್‌ನಿಂದ ಸುಮಾರು 350 ಮೈಲಿ, ಐದೂವರೆ ಆರು ಗಂಟೆ. ಅಟ್ಲಾಂಟಾದಿಂದ ಸುಮಾರು ಏಳು ಗಂಟೆ. ಹೂಸ್ಟನ್ ಕಡೆಯಿಂದ ಐ-10 ರಸ್ತೆಯಲ್ಲಿ ಬರುವವರಿಗೆ ದಾರಿಯಲ್ಲೇ ಒಂದು ನೋಟ ಪುಕ್ಕಟೆ. ಲಫಯೆಟ್ ದಾಟಿದ ಮೇಲೆ ಅಚಾಫಲಾಯ ಜೌಗಿನ ಮೇಲೆ ಸುಮಾರು 18 ಮೈಲಿ ಉದ್ದದ ಸೇತುವೆ ಸಿಗುತ್ತದೆ. ಅಲ್ಲಿಗೆ ಹಗಲಲ್ಲೇ ತಲುಪುವ ಹಾಗೆ ಹೊರಡಿ.

ಊರೊಳಗೆ ಕಾರು ಉಪಯೋಗಕ್ಕಿಂತ ತಲೆನೋವು. ಹಳೆಯ ಬೀದಿಗಳು ಕಿರಿದು, ಪಾರ್ಕಿಂಗ್ ಬೋರ್ಡ್ ಓದಲು ತಾಳ್ಮೆ ಬೇಕು, ಒಂದು ಗೆರೆ ತಪ್ಪಿದರೂ ದಂಡ. ಬೀದಿ ಬದಿ ನಿಲ್ಲಿಸಿದ ಕಾರಿನ ಗಾಜು ಒಡೆಯುವವರೂ ಇದ್ದಾರೆ. ಸೀಟಿನ ಮೇಲೆ ಖಾಲಿ ಬ್ಯಾಗ್ ಕೂಡ ಬಿಡಬೇಡಿ. ಹೋಟೆಲ್ ಬುಕ್ ಮಾಡುವಾಗಲೇ ಗರಾಜ್ ಬಾಡಿಗೆ ದಿನಕ್ಕೆ ಎಷ್ಟು ಅಂತ ಕೇಳಿ. ಅಗ್ಗದ ರೂಮು ಕೊನೆಗೆ ದುಬಾರಿಯಾಗುವುದು ಇಲ್ಲೇ.

ಉಳಿಯಲು ಕೆನಾಲ್ ಸ್ಟ್ರೀಟ್ ಆಸುಪಾಸು, ಇಲ್ಲವೇ ಮ್ಯೂಸಿಯಂಗಳಿರುವ ವೇರ್‌ಹೌಸ್ ಡಿಸ್ಟ್ರಿಕ್ಟ್ ಒಳ್ಳೆಯದು. ಊರಿನ ಹಳೆಯ ಭಾಗವಾದ ಫ್ರೆಂಚ್ ಕ್ವಾರ್ಟರ್ ಒಳಗೇ ಬೇಕು ಅನ್ನುವವರು ಬರ್ಬನ್ ಸ್ಟ್ರೀಟ್‌ನಿಂದ ಮೂರು ನಾಲ್ಕು ಬ್ಲಾಕ್ ದೂರ ನೋಡಿ. ಬಾಲ್ಕನಿ ಇರುವ ರೂಮು ಫೋಟೊಗೆ ಚೆಂದ, ನಿದ್ದೆಗೆ ಅಲ್ಲ. ಹಿತ್ತಲ ಅಂಗಳದ ಕಡೆಯ ರೂಮು ಕೇಳಿ ತೆಗೆದುಕೊಳ್ಳಿ.

ವಿಮಾನದಲ್ಲಿ ಬಂದರೆ ಇಳಿಯುವುದು ಲೂಯಿ ಆರ್ಮ್‌ಸ್ಟ್ರಾಂಗ್ ನಿಲ್ದಾಣದಲ್ಲಿ. ಅದು ಊರಿನಲ್ಲಿಲ್ಲ, ಪಕ್ಕದ ಕೆನ್ನರ್‌ನಲ್ಲಿದೆ. ಅಲ್ಲಿಂದ ಟ್ಯಾಕ್ಸಿ ಇದೆ, 202 ನಂಬರಿನ ಬಸ್ಸೂ ಇದೆ.

3. ದಿಕ್ಕು ಮರೆತು ನದಿ ಹಿಡಿಯಿರಿ

ಮಿಸಿಸಿಪ್ಪಿ ಇಲ್ಲಿ ಹಾವಿನ ಹಾಗೆ ಸುತ್ತಿಕೊಂಡಿದೆ. ಉತ್ತರ ದಕ್ಷಿಣ ಅಂದರೆ ಸ್ಥಳೀಯರಿಗೂ ಅರ್ಥವಾಗುವುದಿಲ್ಲ. 'ವೆಸ್ಟ್ ಬ್ಯಾಂಕ್' ಅನ್ನುವ ಆಚೆ ದಡದ ಮೇಲೆ ಸೂರ್ಯ ಹುಟ್ಟುವುದನ್ನು ಈ ಊರಿನಲ್ಲಿ ಮಾತ್ರ ನೋಡಬಹುದು! ಇವರ ನಾಲ್ಕು ದಿಕ್ಕುಗಳೆಂದರೆ ನದಿ ಕಡೆ, ಕೆರೆ ಕಡೆ, ಹರಿವಿನ ಮೇಲೆ, ಹರಿವಿನ ಕೆಳಗೆ. ಕೆರೆ ಅಂದರೆ ಪಾಂಚರ್ಟ್ರೇನ್ ಎಂಬ ದೊಡ್ಡ ಸರೋವರ. ರಸ್ತೆ ನಡುವಿನ ಹುಲ್ಲಿನ ಪಟ್ಟಿಗೆ ಇಲ್ಲಿ 'ನ್ಯೂಟ್ರಲ್ ಗ್ರೌಂಡ್' ಅನ್ನುತ್ತಾರೆ. ಬೀದಿಯ ಹೆಸರುಗಳಂತೂ ಬರೆದಂತೆ ಓದುವಂತಿಲ್ಲ. ಬರ್ಗಂಡಿ ಬೀದಿಯ ಹೆಸರನ್ನು 'ಗನ್' ಮೇಲೆ ಒತ್ತು ಕೊಟ್ಟು ಬರ್-ಗನ್-ಡಿ ಅನ್ನಬೇಕು. ಚಾಪಿಟೂಲಸ್ ಬೀದಿಯ ಸ್ಪೆಲ್ಲಿಂಗ್ ನೋಡಿದರೆ ನೀವೇ ನಗುತ್ತೀರಿ.

ಓಡಾಟಕ್ಕೆ ಕಾಲು ಮತ್ತು ಟ್ರಾಮ್ ಸಾಕು. ಟ್ರಾಮ್‌ಗೆ ಇಲ್ಲಿ 'ಸ್ಟ್ರೀಟ್‌ಕಾರ್' ಅಂತ ಹೆಸರು. ಟ್ರಾಲಿ ಅಂದರೆ ಹೊರಗಿನವರು ಅಂತ ಗೊತ್ತಾಗುತ್ತದೆ. ನಾನು ಹೋದಾಗ ಒಂದು ಸಲಕ್ಕೆ 1.25 ಡಾಲರ್, ಇಡೀ ದಿನದ 'ಜ್ಯಾಝಿ ಪಾಸ್'ಗೆ 3 ಡಾಲರ್ ಇತ್ತು. ಪಾಸನ್ನು ಫೋನಿನಲ್ಲೇ 'ಲ ಪಾಸ್' ಆ್ಯಪ್‌ನಿಂದ ಕೊಳ್ಳಿ. ನೋಟು ಕೊಟ್ಟು ಚಿಲ್ಲರೆ ಸಿಗುತ್ತದೆ ಅಂದುಕೊಳ್ಳಬೇಡಿ.

4. ಮೊದಲ ಬೆಳಿಗ್ಗೆ: ಫ್ರೆಂಚ್ ಕ್ವಾರ್ಟರ್

ಎಂಟು ಗಂಟೆಯೊಳಗೆ ಹೋಗಿ. ಇದೊಂದು ಮಾತು ಕೇಳಿದರೆ ಈ ಊರು ನಿಮಗೆ ಬೇರೆಯಾಗಿಯೇ ಕಾಣುತ್ತದೆ. ರಾತ್ರಿಯ ಕೊಳೆ ತೊಳೆದಿರುತ್ತಾರೆ, ಬೀದಿ ಖಾಲಿ, ಬಾಲ್ಕನಿಯ ಗಿಡಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ.

ಶುರು ಜ್ಯಾಕ್ಸನ್ ಸ್ಕ್ವೇರ್‌ನಿಂದ. ಎದುರಿಗೆ ಸೇಂಟ್ ಲೂಯಿಸ್ ಕೆಥೆಡ್ರಲ್. ಅದರ ಎಡಕ್ಕೆ ಕಬಿಲ್ಡೊ, ಬಲಕ್ಕೆ ಪ್ರೆಸ್ಬಿಟೇರ್. ಎರಡೂ ಈಗ ಮ್ಯೂಸಿಯಂ. ಊರು ಕಟ್ಟಿದ್ದು 1718ರಲ್ಲಿ, ಫ್ರೆಂಚರು. ಆಮೇಲೆ ಸುಮಾರು ನಲವತ್ತು ವರ್ಷ ಸ್ಪೇನ್ ಕೈಯಲ್ಲಿತ್ತು. 1788 ಮತ್ತು 1794ರ ಬೆಂಕಿಯಲ್ಲಿ ಹಳೆಯ ಮರದ ಮನೆಗಳು ಸುಟ್ಟುಹೋದವು. ಹಾಗಾಗಿ ಫ್ರೆಂಚ್ ಕ್ವಾರ್ಟರ್ ಅಂತ ಹೆಸರಿದ್ದರೂ ಕಟ್ಟಡಗಳಲ್ಲಿ ಕಾಣುವುದು ಸ್ಪೇನಿನ ಕೈ. ದಪ್ಪ ಗೋಡೆ, ಕಮಾನು, ನಡುವೆ ತೊಟ್ಟಿಮನೆಯ ಹಾಗೆ ಅಂಗಳ. ಲೂಸಿಯಾನ ಪ್ರಾಂತ್ಯವನ್ನು ಫ್ರಾನ್ಸ್ 1803ರಲ್ಲಿ ಅಮೆರಿಕಕ್ಕೆ ಹಸ್ತಾಂತರಿಸಿದ್ದು ಈ ಕಬಿಲ್ಡೊದಲ್ಲೇ. ಎರಡರಲ್ಲಿ ಒಂದೇ ಮ್ಯೂಸಿಯಂಗೆ ಸಮಯ ಇದ್ದರೆ ಪ್ರೆಸ್ಬಿಟೇರ್‌ಗೆ ಹೋಗಿ. ಕೆಳಗೆ ಕತ್ರಿನಾ, ಮೇಲೆ ಮಾರ್ಡಿ ಗ್ರಾ. ಈ ಊರಿನ ಅಳುವೂ ನಗುವೂ ಒಂದೇ ಮೆಟ್ಟಿಲ ಕೆಳಗೆ ಮೇಲೆ ಇವೆ.

ಈಗ ತಿಂಡಿ. ಚೌಕದ ಎದುರಿಗೆ 1862ರಿಂದ ಇರುವ ಕೆಫೆ ದು ಮಾಂಡ್. ಇಲ್ಲಿ ಸಿಗುವುದು ಬೆನ್ಯೆ. ಅಂದರೆ ಮೈದಾ ಹಿಟ್ಟನ್ನು ಹುಳಿಬರಿಸಿ, ಚೌಕ ಕತ್ತರಿಸಿ ಎಣ್ಣೆಯಲ್ಲಿ ಕರಿದು, ಮೇಲೆ ಪುಡಿಸಕ್ಕರೆಯ ಗುಡ್ಡೆ ಸುರಿದದ್ದು. ಒಂದು ತಟ್ಟೆಗೆ ಮೂರು. ಎರಡು ಎಚ್ಚರಿಕೆ: ಕಪ್ಪು ಬಟ್ಟೆ ಬೇಡ, ಮತ್ತು ಕಚ್ಚುವಾಗ ಉಸಿರು ಒಳಗೆಳೆದುಕೊಳ್ಳಬೇಡಿ. ಸಕ್ಕರೆ ಗಂಟಲಿಗೆ ಹೋಗಿ ಕೆಮ್ಮುವವರನ್ನು ಪ್ರತಿ ಟೇಬಲಿನಲ್ಲೂ ನೋಡುತ್ತೀರಿ.

ಜೊತೆಗೆ ಬರುವ ಕಾಫಿ ನಮ್ಮವರಿಗೆ ಅಚ್ಚರಿ. ಅದು ಚಿಕೋರಿ ಹಾಕಿದ ಕಾಫಿ, ಅರ್ಧ ಬಿಸಿ ಹಾಲು! ಅಮೆರಿಕದ ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿಬೀಜ ಸಿಗದಾಗ ಚಿಕೋರಿ ಬೇರಿನ ಪುಡಿ ಬೆರೆಸುವುದು ಇಲ್ಲಿ ಹೆಚ್ಚಾಯಿತು, ಯುದ್ಧ ಮುಗಿದರೂ ರುಚಿ ಉಳಿಯಿತು. ಅಮೆರಿಕದ ಬೇರೆ ಊರಿನ ಕಾಫಿಗೆ ಮುಖ ಸಿಂಡರಿಸುವ ಅಮ್ಮಂದಿರು ಇಲ್ಲಿ ಎರಡನೆಯ ಲೋಟ ಕೇಳುತ್ತಾರೆ. ನಮ್ಮ ಫಿಲ್ಟರ್ ಕಾಫಿಯಷ್ಟು ಗಟ್ಟಿ ಅಲ್ಲ ಬಿಡಿ, ನೊರೆಯೂ ಇಲ್ಲ. ಆದರೆ ಸಂಬಂಧಿ ಅನ್ನುವುದು ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ಆಮೇಲೆ ರಾಯಲ್ ಸ್ಟ್ರೀಟ್ ಹಿಡಿದು ನಡೆಯಿರಿ. ಬರ್ಬನ್ ಸ್ಟ್ರೀಟ್‌ಗೆ ಒಂದೇ ಬ್ಲಾಕ್ ಈಚೆ, ಅದಕ್ಕೆ ಸಮಾನಾಂತರ. ಕಬ್ಬಿಣದ ಕುಸುರಿ ಬಾಲ್ಕನಿಗಳು, ಹಳೆಯ ಸಾಮಾನಿನ ಅಂಗಡಿಗಳು, ಬೀದಿಯಲ್ಲೇ ಕೂತು ನುಡಿಸುವವರು.

5. ಊಟ: ಏನು ಕೇಳಬೇಕು, ಹೇಗೆ ಕೇಳಬೇಕು

ಹೆಚ್ಚು ಪ್ರಶ್ನೆ ಬರುವುದು ಇದರ ಮೇಲೆ.

ಹೆಸರುಗಳು ಮೊದಲು. 'ಗಂಬೊ' ಅಂದರೆ ಅನ್ನದ ಮೇಲೆ ಹಾಕಿಕೊಳ್ಳುವ ಗಟ್ಟಿ ಸಾರು. ಮೈದಾವನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದ 'ರೂ' ಅದರ ಬುಡ. ಗಂಬೊ ಅನ್ನುವ ಹೆಸರು ಬಂದದ್ದು ಬೆಂಡೆಕಾಯಿಯ ಆಫ್ರಿಕನ್ ಹೆಸರಿನಿಂದ ಅನ್ನುತ್ತಾರೆ. ಆದರೆ ಬೆಂಡೆಕಾಯಿ ಗಂಬೊ ಅಂತ ಬರೆದಿದ್ದರೆ ಹಿಗ್ಗಬೇಡಿ, ಒಳಗೆ ಸೀಗಡಿಯೋ ಸಾಸೇಜೋ ಇದ್ದೇ ಇರುತ್ತದೆ. 'ಜಂಬಲಾಯ' ನಮ್ಮ ಪಲಾವಿನ ದೂರದ ನೆಂಟ, ಅದೂ ಮಾಂಸದ್ದೇ. 'ಪೋಬಾಯ್' ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್. 1929ರಲ್ಲಿ ಟ್ರಾಮ್ ನೌಕರರು ಮುಷ್ಕರ ಮಾಡಿದಾಗ ಆ ಬಡಪಾಯಿಗಳಿಗೆ ಪುಕ್ಕಟೆ ಕೊಟ್ಟ ಸ್ಯಾಂಡ್‌ವಿಚ್‌ಗೆ ಈ ಹೆಸರು ಬಂತು ಅನ್ನುವುದು ಊರಿನ ಕಥೆ. ಮೀನು ಸೀಗಡಿ ತಿನ್ನುವವರಿಗೆ ಈ ಊರು ಸ್ವರ್ಗ. ಕರಿದ ಸೀಗಡಿಯ ಪೋಬಾಯ್ ತಿನ್ನದೆ ಬರಬೇಡಿ. 'ಡ್ರೆಸ್ಡ್?' ಅಂತ ಕೇಳುತ್ತಾರೆ. ಅಂದರೆ ಟೊಮೇಟೊ, ಸೊಪ್ಪು, ಮೇಯೊನೀಸ್ ಹಾಕಲಾ ಅಂತ.

ಸಸ್ಯಾಹಾರಿಗಳಿಗೆ ದೊಡ್ಡ ಗುಂಡಿ ಯಾವುದು ಗೊತ್ತಾ? 'ರೆಡ್ ಬೀನ್ಸ್ ಅಂಡ್ ರೈಸ್'. ಹಳೆಯ ಕಾಲದಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನ, ಒಲೆಯ ಮೇಲೆ ಕಾಳು ಇಟ್ಟು ಮರೆತರೆ ಸಂಜೆಗೆ ಊಟ ಸಿದ್ಧ. ಇವತ್ತಿಗೂ ಸೋಮವಾರದ ಊಟ ಅದೇ. ನೋಡಲು ರಾಜ್ಮಾ ಅನ್ನ. ಆದರೆ ಹಂದಿಯ ಮಾಂಸ ಹಾಕಿಯೇ ಬೇಯಿಸುವುದು ವಾಡಿಕೆ. ಮೇಲಿನ ಸಾಸೇಜ್ ತೆಗೆದು ಕೊಟ್ಟು 'ವೆಜ್' ಅನ್ನುವವರೂ ಇದ್ದಾರೆ. ಹಾಗಾಗಿ "ವೆಜಿಟೇರಿಯನ್ನಾ?" ಅಂತ ಕೇಳಿ ಬಿಡಬೇಡಿ. ಮೂರು ಪ್ರಶ್ನೆ ಕೇಳಿ: ಬೇಯಿಸುವಾಗ ಮಾಂಸ ಹಾಕಿದ್ದೀರಾ? ಮಾಂಸ ಇಲ್ಲವೇ ಸೀಗಡಿಯ ಸ್ಟಾಕ್, ಅಂದರೆ ಬೇಯಿಸಿ ಬಸಿದ ರಸ, ಹಾಕಿದ್ದೀರಾ? ಕರಿಯುವುದು ಮಾಂಸ, ಸೀಗಡಿ ಕರಿದ ಎಣ್ಣೆಯಲ್ಲೇನಾ? ಸೊಪ್ಪಿನ ಗಂಬೊಗೂ ಇದೇ ಪ್ರಶ್ನೆ.

ಸಿಹಿಯಲ್ಲಿ ಬಚಾವ್. ಪೆಕಾನ್ ಬೀಜ, ಸಕ್ಕರೆ, ಬೆಣ್ಣೆಯ 'ಪ್ರಾಲೀನ್' ನಮ್ಮ ಮಿಠಾಯಿಯ ಜಾತಿ. ಸೆಕೆಗೆ 'ಸ್ನೋಬಾಲ್', ಹೆರೆದ ಐಸ್‌ಗೆ ಶರಬತ್ತು ಹಾಕಿದ್ದು. ಬ್ರೆಡ್ ಪುಡಿಂಗ್‌ನಲ್ಲಿ ಮೊಟ್ಟೆ ಇರುತ್ತದೆ, ಮೇಲಿನ ಸಾಸ್‌ನಲ್ಲಿ ಹಲವು ಕಡೆ ವಿಸ್ಕಿ. ಬನಾನಾ ಫಾಸ್ಟರ್‌ನಲ್ಲಿ ರಮ್. ಮೆನುವಿನಲ್ಲಿ ಬಾಳೆಹಣ್ಣು ಅಂತ ಕಂಡು ಅಜ್ಜಿಗೆ ತರಿಸಬೇಡಿ.

ಹೊಟ್ಟೆ ತುಂಬ ಬೇಕು ಅಂದಾಗ ಫಲಾಫೆಲ್ ಮಾಡುವ ಅರಬ್ ಹೋಟೆಲ್‌ಗಳು ಕೈಬಿಡುವುದಿಲ್ಲ. ಭಾರತೀಯ ಊಟ ಬೇಕಾದರೆ ಮ್ಯಾಗಝಿನ್ ಸ್ಟ್ರೀಟ್‌ನಲ್ಲಿ ಸ್ಯಾಫ್ರನ್ ಇದೆ, ಮೊದಲೇ ಟೇಬಲ್ ಕಾದಿರಿಸಿ. ಹಿರಿಯರಿದ್ದರೆ ಮಾಮೂಲಿ ಉಪಾಯ: ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು.

ಇಲ್ಲಿ ಕಲಿಯಬೇಕಾದ ಪದ ಒಂದು: 'ಲ್ಯಾನ್ಯಾಪ್'. ಅಂಗಡಿಯವರು ಅಳೆದದ್ದರ ಮೇಲೆ ಪ್ರೀತಿಗೆ ಹಾಕುವ ಇನ್ನೊಂದಿಷ್ಟು. ನಮ್ಮ 'ಕೊಸರು'. ಡಿಕ್ಷನರಿ ಬೇಕೇ ಇಲ್ಲ.

6. ಸಂಜೆ: ಸಂಗೀತಕ್ಕೆ ಎಲ್ಲಿಗೆ

ಜ್ಯಾಝ್ ಬೆಳೆದದ್ದು ಈ ಊರಿನಲ್ಲಿ. ಅದರ ಹೆಸರಾಂತ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು ಇಲ್ಲೇ, 1901ರಲ್ಲಿ. ಮಕ್ಕಳು, ಹಿರಿಯರು ಜೊತೆಗಿದ್ದರೆ ಪ್ರಿಸರ್ವೇಶನ್ ಹಾಲ್ ಸರಿ. 1961ರಿಂದ ನಡೆಯುತ್ತಿದೆ. ಹಳೆಯ ಚಿಕ್ಕ ಕೋಣೆ, ಮೈಕಿನ ಅಬ್ಬರ ಇಲ್ಲ, ಬಾರ್ ಇಲ್ಲ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಎಲ್ಲ ವಯಸ್ಸಿನವರಿಗೂ ಪ್ರವೇಶ. ಆದರೆ ಅಗ್ಗದ ಟಿಕೆಟ್ ಅಂದರೆ ನಿಂತು ಕೇಳುವುದು. ಮಂಡಿನೋವಿನವರಿಗೆ ಸೀಟಿನ ಟಿಕೆಟ್ಟನ್ನೇ ಮುಂಗಡವಾಗಿ ತೆಗೆದುಕೊಳ್ಳಿ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ, ಅದೇ ಒಳ್ಳೆಯದು.

ದೊಡ್ಡವರೇ ಹೋಗಿದ್ದರೆ ಫ್ರೆಂಚ್‌ಮನ್ ಸ್ಟ್ರೀಟ್. ಒಂದೇ ಬೀದಿಯಲ್ಲಿ ಸಾಲಾಗಿ ಚಿಕ್ಕ ಕ್ಲಬ್ಬುಗಳು. ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳಿ, ಹಿಡಿಸಿದರೆ ಒಳಗೆ. ಸೆಟ್ ಮುಗಿದಾಗ ಬಕೆಟ್ ಬರುತ್ತದೆ. ದುಡ್ಡು ಹಾಕಿ. ವಾದಕರ ಸಂಪಾದನೆಯಲ್ಲಿ ಅದರ ಪಾಲು ದೊಡ್ಡದು. 5 ಡಾಲರಿನ ನೋಟುಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಕುಡಿಯದವರು ಸೋಡಾ ತೆಗೆದುಕೊಂಡರೂ ಸರಿ, ಏನೂ ಕೊಳ್ಳದೆ ನಿಲ್ಲುವುದು ಸರಿಯಲ್ಲ.

ಹಗಲಲ್ಲಿ ಪಕ್ಕದ ಟ್ರೆಮೆ ಬಡಾವಣೆಯ ಕಾಂಗೊ ಸ್ಕ್ವೇರ್ ನೋಡಿ. ಗುಲಾಮರಾಗಿದ್ದ ಆಫ್ರಿಕದ ಜನ ಭಾನುವಾರ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದ ಜಾಗ ಅದು. ಜ್ಯಾಝಿನ ಬೇರು ಇಲ್ಲಿದೆ ಅನ್ನುತ್ತಾರೆ. ಇನ್ನೊಂದು ವಿಷಯ, ಸುಮ್ನೆ ಗೊತ್ತಿರಲಿ ಅಂತ: ನೂರಿಪ್ಪತ್ತು ವರ್ಷದ ಹಿಂದೆ ಹೂಗ್ಲಿ ಕಡೆಯ ಬಂಗಾಳಿ ಮುಸ್ಲಿಂ ವ್ಯಾಪಾರಿಗಳು ಕಸೂತಿ ಬಟ್ಟೆ ಮಾರುತ್ತಾ ಇದೇ ಟ್ರೆಮೆಯಲ್ಲಿ ಮನೆ ಮಾಡಿದ್ದರು. ನಾವು ಮೊದಲಿಗರಲ್ಲ.

7. ಎರಡನೆಯ ದಿನ: ಯುದ್ಧದ ಮ್ಯೂಸಿಯಂ, ಆಮೇಲೆ ಟ್ರಾಮ್

ನ್ಯಾಷನಲ್ ವರ್ಲ್ಡ್ ವಾರ್ ಟೂ ಮ್ಯೂಸಿಯಂಗೆ ಅರ್ಧ ದಿನ ಇಡಿ. ಎರಡು ಗಂಟೆ ಇಟ್ಟವರೆಲ್ಲ ಆಮೇಲೆ ಬೈದುಕೊಂಡಿದ್ದಾರೆ. ಈ ಊರಿನಲ್ಲಿ ಯಾಕೆ ಅಂದರೆ, ಸೈನಿಕರನ್ನು ದಡಕ್ಕೆ ಇಳಿಸುವ ಚಪ್ಪಟೆ ತಳದ ಹಿಗ್ಗಿನ್ಸ್ ದೋಣಿಗಳು ತಯಾರಾದದ್ದು ಇಲ್ಲಿ. ನಮ್ಮವರು ತಪ್ಪಿಸಬಾರದ ಭಾಗ 'ರೋಡ್ ಟು ಟೋಕಿಯೊ'. ಅಲ್ಲಿ ಚೀನಾ, ಬರ್ಮಾ, ಭಾರತದ ರಣರಂಗವೂ ಇದೆ. ಎಲ್ಲರೂ ಮೊದಲು ಯೂರೋಪಿನ ಕಡೆ ಹೋಗಿ ಸುಸ್ತಾಗುತ್ತಾರೆ. ನೀವು ಇದರಿಂದ ಶುರು ಮಾಡಿ.

ಮಧ್ಯಾಹ್ನ ಸೇಂಟ್ ಚಾರ್ಲ್ಸ್ ಲೈನಿನ ಟ್ರಾಮ್ ಹತ್ತಿ. 1835ರಿಂದ ಓಡುತ್ತಿರುವ ಲೈನು, ಹಸಿರು ಬಣ್ಣದ ಡಬ್ಬಿಗಳು 1920ರ ದಶಕದವು. ಮರದ ಸೀಟು, ಏಸಿ ಇಲ್ಲ, ಕಿಟಕಿ ಎತ್ತಿ ಕೂರಬೇಕು. ಮಧ್ಯದ ಸ್ಟಾಪಿನಲ್ಲಿ ಹತ್ತಿದರೆ ನಿಂತೇ ಹೋಗಬೇಕಾಗುತ್ತದೆ. ಕೆನಾಲ್ ಮತ್ತು ಕರಾಂಡಲೆಟ್ ಬೀದಿ ಸೇರುವ ಮೂಲೆಯಲ್ಲಿ, ಶುರುವಿನಲ್ಲೇ ಹತ್ತಿ. ಗಾರ್ಡನ್ ಡಿಸ್ಟ್ರಿಕ್ಟ್‌ನ ಬಂಗಲೆಗಳು, ಎರಡೂ ಬದಿ ಓಕ್ ಮರಗಳ ಚಪ್ಪರ, ಕೊಂಬೆಗಳಲ್ಲಿ ಹಿಂದಿನ ಮಾರ್ಡಿ ಗ್ರಾದ ಮಣಿಸರ ಇನ್ನೂ ನೇತಾಡುತ್ತಿರುತ್ತವೆ. ಆಡುಬಾನ್ ಪಾರ್ಕ್‌ನಲ್ಲಿ ಇಳಿದು ಕಾಲಾಡಿಸಿ ವಾಪಸ್ ಬನ್ನಿ.

ಇನ್ನೊಂದು ಟ್ರಾಮು, ಕೆಂಪು ಬಣ್ಣದ್ದು, ಕೆನಾಲ್ ಸ್ಟ್ರೀಟ್‌ನಿಂದ ಹೊರಡುತ್ತದೆ. ಬೋರ್ಡ್ ಓದಿ ಹತ್ತಿ. 'ಸೆಮೆಟರೀಸ್' ಅಂತಿದ್ದರೆ ಸ್ಮಶಾನಗಳ ಕಡೆ ಹೋಗುತ್ತದೆ, 'ಸಿಟಿ ಪಾರ್ಕ್' ಅಂತಿದ್ದರೆ ಉದ್ಯಾನಕ್ಕೆ. ಸಿಟಿ ಪಾರ್ಕ್ 1,300 ಎಕರೆ. ಅಲ್ಲಿನ ಶಿಲ್ಪವನಕ್ಕೆ ಟಿಕೆಟ್ ಇಲ್ಲ. ಮರಗಳಿಂದ ಜಟೆಯ ಹಾಗೆ ಇಳಿಬಿದ್ದಿರುವುದಕ್ಕೆ 'ಸ್ಪ್ಯಾನಿಶ್ ಮಾಸ್' ಅನ್ನುತ್ತಾರೆ. ಅದು ಸ್ಪೇನಿನದೂ ಅಲ್ಲ, ಪಾಚಿಯೂ ಅಲ್ಲ, ಅನಾನಸ್ ಕುಟುಂಬದ ಗಿಡ.

8. ಸ್ಮಶಾನ ನೋಡುವುದಾದರೆ

ಇಲ್ಲಿ ಹೂಳುವುದು ನೆಲದ ಮೇಲೆ, ಚಿಕ್ಕ ಮನೆಗಳಂಥ ಗೋರಿಗಳಲ್ಲಿ. ಫ್ರೆಂಚ್, ಸ್ಪ್ಯಾನಿಶ್ ವಾಡಿಕೆಯೂ ಹೌದು, ಅಗೆದರೆ ನೀರು ಬರುತ್ತದೆ ಅನ್ನುವುದೂ ಹೌದು. ಒಂದು ವರ್ಷ ಒಂದು ದಿನ ಕಳೆದ ಮೇಲೆ ಮೂಳೆಗಳನ್ನು ಹಿಂದಕ್ಕೆ ಸರಿಸಿ ಅದೇ ಗೋರಿಯಲ್ಲಿ ಮನೆಯ ಮುಂದಿನವರಿಗೆ ಜಾಗ ಮಾಡುತ್ತಾರೆ. ಪ್ರಸಿದ್ಧವಾದ ಸೇಂಟ್ ಲೂಯಿಸ್ ನಂಬರ್ 1 ಸ್ಮಶಾನಕ್ಕೆ 2015ರಿಂದ ಪರವಾನಗಿ ಇರುವ ಗೈಡ್ ಜೊತೆ ಮಾತ್ರ ಪ್ರವೇಶ. ಗೇಟಿನವರೆಗೆ ಹೋಗಿ ವಾಪಸ್ ಬರುವವರು ದಿನಾ ಇದ್ದಾರೆ. ಆನ್‌ಲೈನ್‌ನಲ್ಲಿ ಬುಕ್ ಮಾಡಿ. ನೆರಳಿಲ್ಲ, ಟೋಪಿ ಬೇಕು. ಮನೆಯ ಹಿರಿಯರಿಗೆ ಇಷ್ಟ ಆಗದಿದ್ದರೆ ಬಲವಂತ ಬೇಡ.

9. ಮೂರನೆಯ ದಿನ: ಊರಾಚೆ, ಒಂದೇ ಕಡೆ

ಜೌಗು ಪ್ರದೇಶವನ್ನೂ ತೋಟದ ಬಂಗಲೆಯನ್ನೂ ಒಂದೇ ದಿನದಲ್ಲಿ ತೋರಿಸುವ ಪ್ಯಾಕೇಜ್ ಬೇಡ. ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತದೆ.

ಮಕ್ಕಳಿದ್ದರೆ ಜೌಗಿನ ದೋಣಿ ಸವಾರಿ. ಮೊಸಳೆಯ ಜಾತಿಯ ಅಲಿಗೇಟರ್ ಕಾಣಬೇಕಾದರೆ ಬೆಚ್ಚಗಿನ ತಿಂಗಳುಗಳೇ ಬೇಕು, ಚಳಿಗಾಲದಲ್ಲಿ ಅವು ಹೊರಗೆ ಬರುವುದು ಕಡಿಮೆ. ದೊಡ್ಡ ಫ್ಯಾನಿನ ಏರ್‌ಬೋಟ್ ಕಿವಿ ಕಿತ್ತುಹೋಗುವಷ್ಟು ಸದ್ದು. ಹಿರಿಯರಿಗೆ ನೆರಳಿರುವ ಮಾಮೂಲಿ ದೋಣಿ ಸಾಕು.

ದೊಡ್ಡ ಮಕ್ಕಳಿದ್ದರೆ ಅಥವಾ ಇತಿಹಾಸ ಬೇಕಾದರೆ ವಿಟ್ನಿ ಪ್ಲಾಂಟೇಶನ್, ಸುಮಾರು ಒಂದು ಗಂಟೆಯ ದಾರಿ. ನದಿದಡದ ಕಬ್ಬಿನ ತೋಟಗಳ ಬಂಗಲೆಗಳಲ್ಲಿ ಹಲವು ಕಡೆ ಒಡೆಯರ ಪಿಂಗಾಣಿ, ಮಂಚ ತೋರಿಸುತ್ತಾರೆ. ಓಕ್ ಅಲಿ ಅನ್ನುವ ಇನ್ನೊಂದು ತೋಟದ 28 ಓಕ್ ಮರಗಳ ಸಾಲು ಫೋಟೊಗೆ ಅದ್ಭುತ, ಒಪ್ಪುತ್ತೇನೆ. ವಿಟ್ನಿಯಲ್ಲಿ ಹೇಳುವುದು ಆ ಕಬ್ಬು ಕಡಿದ ಗುಲಾಮರ ಕಥೆ. ಗೋಡೆಯ ಮೇಲೆ ಅವರ ಹೆಸರುಗಳಿವೆ. ಒಂದನ್ನೇ ನೋಡುವುದಾದರೆ ಇದನ್ನು ನೋಡಿ. ಹೋಗುವ ಮುಂಚೆ ರಜೆಯ ದಿನ ಯಾವುದು ಅಂತ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

10. ಜೇಬು, ಕಾಲು, ಕತ್ತಲು

ಫ್ರೆಂಚ್ ಕ್ವಾರ್ಟರ್‌ನಲ್ಲಿ ಒಬ್ಬರು ಎದುರಾಗಿ, "ನೀವು ಈ ಶೂ ಎಲ್ಲಿ ಪಡೆದಿರಿ ಅಂತ ಹೇಳ್ತೀನಿ, 20 ಡಾಲರ್ ಬೆಟ್ಟು" ಅನ್ನಬಹುದು. ಉತ್ತರ: "ನಿಮ್ಮ ಕಾಲಿನಲ್ಲಿ, ಬರ್ಬನ್ ಸ್ಟ್ರೀಟಿನಲ್ಲಿ." ಇಂಗ್ಲಿಷಿನ 'got' ಪದದ ಚಮತ್ಕಾರ ಅದು, ಎಲ್ಲಿ ಕೊಂಡಿರಿ ಅಂತಲೂ ಎಲ್ಲಿ ಹಾಕಿಕೊಂಡಿದ್ದೀರಿ ಅಂತಲೂ ಅರ್ಥ ಬರುತ್ತದೆ. ಬೆಟ್ ಕಟ್ಟಿದಿರೋ ದುಡ್ಡು ಹೋಯಿತು. ನಕ್ಕು ಮುಂದೆ ನಡೆಯಿರಿ, ನಿಲ್ಲಬೇಡಿ. ಯಾರಾದರೂ ಕೇಳದೆಯೇ ಶೂ ಒರೆಸಲು ಬಗ್ಗಿದರೂ ಅಷ್ಟೇ.

ರಾತ್ರಿ ಹತ್ತರ ಮೇಲೆ ಜನ ಇರುವ, ಬೆಳಕಿರುವ ಬೀದಿಯಲ್ಲೇ ನಡೆಯಿರಿ. ಫ್ರೆಂಚ್‌ಮನ್ ಸ್ಟ್ರೀಟ್‌ನಿಂದ ಹೋಟೆಲ್‌ಗೆ ಹತ್ತೇ ನಿಮಿಷ ಅಂತ ಮ್ಯಾಪ್ ಹೇಳಿದರೂ ಕ್ಯಾಬ್ ಮಾಡಿ. ಕಲ್ಲು ಎದ್ದ, ಬೇರು ಒಡೆದ ಫುಟ್‌ಪಾತುಗಳಿವೆ. ಅಮ್ಮನಿಗೆ ಸೀರೆಯ ಜೊತೆಗೂ ಸ್ಪೋರ್ಟ್ಸ್ ಶೂ ಹಾಕಿಸಿ, ಬೈಸಿಕೊಂಡರೂ ಪರವಾಗಿಲ್ಲ.

ನದಿಯ ಮೇಲೆ ಹೋಗಬೇಕು ಅನ್ನಿಸಿದರೆ ಸ್ಟೀಮ್‌ಬೋಟ್ ನ್ಯಾಚಿಜ್ ಇದೆ, ಊಟ ಸಂಗೀತ ಎಲ್ಲ ಸೇರಿ ದುಬಾರಿ. ನಾನು ಅಪ್ಪ ಅಮ್ಮನನ್ನು ಕರ್ಕೊಂಡು ಹೋದದ್ದು ಕೆನಾಲ್ ಸ್ಟ್ರೀಟ್ ತುದಿಯಿಂದ ಆಚೆ ದಡದ ಆಲ್ಜಿಯರ್ಸ್‌ಗೆ ಹೋಗುವ ಫೆರಿಯಲ್ಲಿ. ತಲೆಗೆ 2 ಡಾಲರ್, ಕೆಲವೇ ನಿಮಿಷದ ದಾರಿ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಹೊರಟು, ಆಚೆ ದಡದ ಏರಿಯ ಮೇಲೆ ಕೂತು ಕೆಥೆಡ್ರಲ್ ಕಡೆ ನೋಡಿ. ಕೊನೆಯ ಫೆರಿ ಎಷ್ಟು ಗಂಟೆಗೆ ಅಂತ ಹತ್ತುವ ಮೊದಲೇ ಕೇಳಿಕೊಳ್ಳಿ. ತಪ್ಪಿದರೆ ಸೇತುವೆ ಸುತ್ತಿಕೊಂಡು ಕ್ಯಾಬ್‌ನಲ್ಲಿ ಬರಬೇಕು.